ಜಪಾನಿನವರ ಜೊತೆ ರೇಟು ಮಾತಾಡಿದವರು ಯಾರಾದರೂ ಇದ್ದೀರಾ?

ಸಣ್ಣ ತೋಟ, ಸಕಲೇಶಪುರ: ಜಪಾನಿನ ಒಂದು ರೋಸ್ಟರ್ ಕಂಪನಿ (ಕಾಫಿ ಬೀಜ ಹುರಿದು ಮಾರುವವರು) ನಮ್ಮ ಅರೇಬಿಕಾ ಕಾಫಿಯ ಸ್ಯಾಂಪಲ್ ತರಿಸಿಕೊಂಡಿದೆ. ಮುಂದಿನ ತಿಂಗಳು ವಿಡಿಯೋ ಕಾಲ್. ನೇರ ರಫ್ತು ನಮಗೆ ಹೊಸದು. ರೇಟು ನಾವೇ ಮೊದಲು ಹೇಳಬೇಕಾ, ಅವರು ಕೇಳುವವರೆಗೂ ಕಾಯಬೇಕಾ?

ಕರಿಕಲ್ಲು: ಕಾಫಿ ಗೊತ್ತಿಲ್ಲ, ಜಪಾನಿನವರು ಗೊತ್ತು. ಚಾಮರಾಜನಗರದ ಕಪ್ಪು ಗ್ರಾನೈಟ್ ಅವರಿಗೆ ಸಮಾಧಿ ಕಲ್ಲಿಗೆ ಬೇಕು. ಕ್ವಾರಿಗೆ ಬಂದು ಒಂದೊಂದು ಬ್ಲಾಕಿಗೂ ನೀರು ಹಾಕಿಸಿ, ಒಣಗುವಾಗ ಕೂದಲೆಳೆ ಬಿರುಕು ಕಾಣುತ್ತದಾ ಅಂತ ಆ ಬಿಸಿಲಲ್ಲೇ ಕೂತು ನೋಡಿದರು. ಆಮೇಲೆ ರೇಟು ಹೇಳಿದೆವು. ಯಾರೂ ತುಟಿ ಬಿಚ್ಚಲಿಲ್ಲ. ನನ್ನ ಭಾಮೈದನಿಗೆ ತಡೆಯಲಾಗಲಿಲ್ಲ, ಯಾರೂ ಕೇಳದೆಯೇ ಕ್ಯೂಬಿಕ್ ಮೀಟರಿಗೆ 40 ಡಾಲರ್ ಇಳಿಸಿಬಿಟ್ಟ. ಕಂಟೇನರಿಗೆ ಏಳೂವರೆ ಕ್ಯೂಬಿಕ್ ಮೀಟರ್, ಅಂದರೆ 300 ಡಾಲರ್ ಸುಮ್ನೆ ಹೋಯಿತು. ಬಂದವರಿಗೆ ಅಲ್ಲೇ ಹೂಂ ಅನ್ನುವ ಅಧಿಕಾರವೇ ಇರಲಿಲ್ಲ ಸ್ವಾಮಿ! ಅವರ ಕಂಪನಿಯಲ್ಲಿ ಫೈಲು ಕೆಳಗಿನಿಂದ ಮೇಲಕ್ಕೆ ಹೋಗಿ, ಎಲ್ಲರ ಸೀಲು ಬಿದ್ದ ಮೇಲೆ ತೀರ್ಮಾನ. ಮುಂದಿನ ವರ್ಷ ಇಳಿಸಿದ ರೇಟಿನಿಂದಲೇ ಮಾತು ಶುರು. ಇವನು ಇವತ್ತಿಗೂ "ಆರ್ಡರ್ ಸಿಕ್ಕಿತಲ್ಲ ಭಾವ" ಅನ್ನುತ್ತಾನೆ.

ಹಳೇ ಪ್ಲಾಂಟರ್: ಸಂಸ್ಕೃತಿ ಗಿಂಸ್ಕೃತಿ ಎಲ್ಲ ಬಿಡಿ. ಅರೇಬಿಕಾ ಕಾಫಿಗೆ ನ್ಯೂಯಾರ್ಕ್ ವಾಯಿದಾ ಪೇಟೆ, ರೋಬಸ್ಟಾ ಕಾಫಿಗೆ ಲಂಡನ್ ಪೇಟೆ. ಬೆಲೆ ಅಲ್ಲಿ ನಿಂತಿದೆ, ನಾವು ಚೌಕಾಸಿ ಮಾಡುವುದು ಅದರ ಮೇಲಿನ ಚಿಲ್ಲರೆಗೆ. ನಮ್ಮ ಗಿರಾಕಿ ಹ್ಯಾಂಬರ್ಗಿನವರು. ಗೋದಾಮಿಗೆ ಬಂದವರೇ ಆಳುಗಳ ಎದುರಲ್ಲೇ "ಈ ಲಾಟ್ ಬೇಡ, ತೇವ ಜಾಸ್ತಿ" ಅಂದರು. ಕೂರಲೂ ಇಲ್ಲ. ನಮ್ಮಪ್ಪ ಮುಖ ಗಂಟಿಕ್ಕಿಕೊಂಡು ಒಳಗೆ ಹೋದವರು, ಆ 320 ಮೂಟೆಯನ್ನು ಲೋಕಲ್ ವ್ಯಾಪಾರಿಗೆ ಕೆಜಿಗೆ 22 ರೂಪಾಯಿ ಕಮ್ಮಿಗೆ ಕೊಟ್ಟುಬಿಟ್ಟರು. 19,200 ಕೆಜಿ. 4,22,400 ರೂಪಾಯಿ. ಲಾರಿ ಬಾಡಿಗೆ, ಹಮಾಲಿ, ಹೊಸ ಗೋಣಿ ಬೇರೆ. ಸಂಜೆ ನೋಡಿದರೆ ಜರ್ಮನಿಯವರ ಮೇಲ್ ಬಂದಿತ್ತು: ಒಣಗಿಸಿ ಇನ್ನೊಂದು ಸ್ಯಾಂಪಲ್ ಕೊಡಿ, ತಗೊಳ್ಳುತ್ತೇವೆ.

ಕರಿಕಲ್ಲು: ಹಾಗಾದರೆ ಆ ನಾಲ್ಕು ಲಕ್ಷ ಹೋಗಿದ್ದು ಲಂಡನ್ ಬೆಲೆಯಿಂದಲಾ?

ಹಳೇ ಪ್ಲಾಂಟರ್: ತೇವದಿಂದ. ಓದಲು ಬರುತ್ತಲ್ವಾ?

ಮಿಡಿಸೌತೆ: ಜರ್ಮನಿಯವರು ದೇವರು ಬಿಡಿ. ನಮ್ಮ ಮಿಡಿಸೌತೆಗೆ ಗಿರಾಕಿ ರಷ್ಯಾದವರು. ಸಹಿ ಹಾಕಿ, ಊಟ ಹಾಕಿ, ತಬ್ಬಿಕೊಂಡು ಕಳಿಸಿದರು. 2014ರ ಕೊನೆಗೆ ಮಾಲು ಸಮುದ್ರದಲ್ಲಿರುವಾಗಲೇ 15 ಪರ್ಸೆಂಟ್ ಕಡಿಮೆ ಮಾಡಿ ಅಂತ ಫೋನ್. ಒಪ್ಪದಿದ್ದರೆ ಬಂದರಿನಲ್ಲಿ ದಿನದ ಲೆಕ್ಕದಲ್ಲಿ ಡಿಮರೇಜ್ (ಮಾಲು ಬಿಡಿಸಿಕೊಳ್ಳದೆ ನಿಂತದ್ದಕ್ಕೆ ದಂಡ) ಏರುತ್ತದೆ. ಒಪ್ಪಿದೆವು, ಇನ್ನೇನು ಮಾಡುವುದು? ಸಹಿಗೆ ಅಲ್ಲಿ ಬೆಲೆಯೇ ಇಲ್ಲ, ಜನವೇ ಹಾಗೆ.

ಹಳೇ ಪ್ಲಾಂಟರ್: ಜನ ಅಲ್ಲ, ರೂಬಲ್. ಆ ವರ್ಷದ ಶುರುವಿನಲ್ಲಿ ಡಾಲರಿಗೆ 33ರ ಆಸುಪಾಸು ಇದ್ದದ್ದು ಡಿಸೆಂಬರಿನಲ್ಲಿ 60 ದಾಟಿತ್ತು. ನೀವಾಗಿದ್ದರೂ ಕೇಳುತ್ತಿದ್ದಿರಿ. ಅಡ್ವಾನ್ಸ್ ಎಷ್ಟು ತಗೊಂಡಿದ್ದಿರಿ?

ಮಿಡಿಸೌತೆ: ಅದು ನಿಮಗ್ಯಾಕೆ? ನಿಮ್ಮಪ್ಪನ ಸಿಟ್ಟಿನ ಲೆಕ್ಕ ನಾನು ಕೇಳಿದೆನಾ?

ಸಣ್ಣ ತೋಟ, ಸಕಲೇಶಪುರ: ಸರ್, ನನ್ನ ವಿಡಿಯೋ ಕಾಲ್...

ಕರಿಕಲ್ಲು: ರೇಟು ನೀವೇ ಹೇಳಿ. ಹೇಳಿ ಬಾಯಿ ಮುಚ್ಚಿಕೊಂಡಿರಿ, ಎಷ್ಟು ಹೊತ್ತಾದರೂ ಸರಿ.

ಹಳೇ ಪ್ಲಾಂಟರ್: ರೇಟು ಆಮೇಲೆ. ಗಿಡಕ್ಕೆ ಯಾವ ಔಷಧಿ ಹೊಡೆದಿದ್ದೀರಿ? 2006ರಿಂದ ಜಪಾನಿನಲ್ಲಿ ಬೇರೆ ಮಿತಿ ಗೊತ್ತು ಮಾಡದ ಕೀಟನಾಶಕವೆಲ್ಲ ಮಾಲಿನಲ್ಲಿ 0.01 ಪಿಪಿಎಂ, ಅಂದರೆ ಕೆಜಿಗೆ 0.01 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಉಳಿದಿರಬಾರದು. ಮೊದಲು ಲ್ಯಾಬ್ ರಿಪೋರ್ಟ್ ಮಾಡಿಸಿ.

ಮಿಡಿಸೌತೆ: ಇದೊಂದು ಸರಿ ಹೇಳಿದರು. ಆದರೆ ಲ್ಯಾಬಿಗೆ ಹೋಗುವ ಮೊದಲು ರೇಟು ಕೇಳಿ. ನಮ್ಮ ಹತ್ತಿರ ಒಂದು ಸ್ಯಾಂಪಲ್‌ಗೆ 9,000 ಕಿತ್ತರು, ಜಿಎಸ್‌ಟಿ ಬೇರೆ.