ವ್ಹೀಲ್‌ಚೇರ್ ಹುಡುಗನಿಗಿ ಹ್ಯಾಲೋವೀನ್ ವೇಷ, ಐಡಿಯಾ ಹೇಳ್ರಿ

ಸೇಡಂರೋಡ್‌ಅವ್ವ
ಎಲ್ಲರಿಗೂ ನಮಸ್ಕಾರ ರೀ. ನಾವು ಕಲಬುರಗಿಯವರು, ಮಗ ಮೂರನೇ ಕ್ಲಾಸ್, ವ್ಹೀಲ್‌ಚೇರ್ ತಾನೇ ಕೈಲೆ ತಳ್ಕೊಂಡು ಇಡೀ ಸಾಲಿ ಅಡ್ಡಾಡ್ತಾನ. ಈ ಸಲ ಸಾಲ್ಯಾಗ ಅಕ್ಟೋಬರ್ 31ಕ್ಕ ಹ್ಯಾಲೋವೀನ್ ಇಟ್ಟಾರ, ಮರುದಿನಾನೇ ನವೆಂಬರ್ 1, ರಾಜ್ಯೋತ್ಸವದ ಛದ್ಮವೇಷ ಬ್ಯಾರೆ. ಟೀಚರ್ ಫೋನ್ ಮಾಡಿ ಕೂತಿರೋ ವೇಷ ಹಾಕ್ರಿ, ರಾಜ ಇಲ್ಲಾ ಬುದ್ಧ, ಮ್ಯಾಲೊಂದು ಶಾಲು ಹೊಚ್ಚಿದ್ರ ಕುರ್ಚಿ ಕಾಣಂಗಿಲ್ಲ ಅಂದ್ರು. ಕೆಟ್ಟ ಮನಸಿಲೆ ಅಂದಿಲ್ಲ ಅವರು, ಆದ್ರೂ ನನಗ ಭಾಳ ಚುಚ್ತು. ಅವನಿಗಿ ಸುಮ್ನ ಕೂಡೋ ವೇಷ ಬ್ಯಾಡಂತ, ಜೋರ್ ಹೋಗ್ಬೇಕು, ಸಪ್ಪಳ ಆಗ್ಬೇಕು ಅಂತಾನ. ಎರಡೂ ದಿನಕ್ಕ ನಡಿಯೋ ಹಂಗ ಏನಾರ ಹೇಳ್ರಿ.

ಖಿಲ್ಲಾಮಂದಿ
ಅಕ್ಕಾರ, ಊರಾಗ ಖಿಲ್ಲೆ ಇಟ್ಕೊಂಡು ಬ್ಯಾರೆ ಐಡಿಯಾ ಯಾಕ್ರಿ, ತೋಪು ಮಾಡ್ರಿ! ಖಿಲ್ಲೆ ಮ್ಯಾಲಿನ ಬಾರಾ ಗಜಿ ತೋಪು 29 ಫೂಟ್ ಉದ್ದ ಅದ, ಒಮ್ಮೆ ಕರ್ಕೊಂಡು ಹೋಗಿ ತೋರಿಸ್ರಿ. ಕುರ್ಚಿನೇ ತೋಪಿನ ಗಾಡಿ, ಹುಡುಗ ಗೋಲಂದಾಜ, ಅಂದ್ರ ತೋಪು ಹಾರಿಸಾಂವ, ತಲಿಗಿ ರುಮಾಲು. ಪಿವಿಸಿ ಪೈಪ್ ಬ್ಯಾಡ್ರಿ, ಭಾರ ಆಗ್ತದ. ಬಟ್ಟಿ ಅಂಗಡ್ಯಾಗ ಥಾನ್ ಸುತ್ತಿರ್ತಾರಲ್ಲ ಆ ರಟ್ಟಿನ ಕೊಳವಿ ಕೇಳ್ರಿ, ಫುಕ್ಕಟ್ ಕೊಡ್ತಾರ, ಅದನ್ನ ಕೈ ಇಡೋ ಪಟ್ಟಿ ಬಾಜೂಕ್ಕ ಕೇಬಲ್ ಟೈಲೆ ಕಟ್ಟಿಬಿಡ್ರಿ. ಸಪ್ಪಳಕ್ಕ ಗೆಜ್ಜಿ.

ಫಿಸಿಯೋ_ಕೆಕೆ
ತೋಪು ಭಾಳ ಚಂದ ಅದ, ಆದ್ರ ಬಾಜೂಕ್ಕ ಬ್ಯಾಡ್ರಿ, ಅಲ್ಲೇ ಅವನ ಮೊಳಕೈ ಆಡ್ತದ, ತಾನೇ ತಳ್ಳೋ ಹುಡುಗನ ಕೈ ಕಟ್ಟಿದಂಗ ಆಗ್ತದ. ಎರಡು ಮೊಳಕಾಲ ನಡುವ ಮುಂದಿನ ಪೈಪಿಗಿ ಕಟ್ರಿ, ತೊಡಿ ಮ್ಯಾಲ ಭಾರ ಬೀಳಬಾರ್ದು, ತೋಪಿನ ಬಾಯಿ ಫುಟ್‌ರೆಸ್ಟ್ ದಾಟಿ ಮುಂದ ಹೋಗಬಾರ್ದು. ಗೆಜ್ಜಿ ಫ್ರೇಮಿಗಿ ಕಟ್ರಿ, ಚಕ್ರದ ಕಡ್ಡಿಗಿ ಅಲ್ಲ. ರುಮಾಲಿನ ಸೆರಗು, ಲೈಟಿನ ವೈರ್, ಶಾಲು, ಏನೇ ಜೋತಾಡೋದಿದ್ರೂ ಕಡ್ಡ್ಯಾಗ ಸಿಕ್ಕಿ ಗಕ್ಕನ ನಿಲ್ತದ, ಹುಡುಗ ಮುಂದ ಮುಗ್ಗರಿಸ್ತಾನ. ಹಿಂದಿನ ಹಿಡಿಕಿಗಿ ಭಾರ ಹಾಕಿದ್ರ ರ‍್ಯಾಂಪ್ ಏರುವಾಗ ಕುರ್ಚಿ ಹಿಂದಕ್ಕ ಮಗಚ್ತದ. ಬ್ರೇಕಿನ ಕಡ್ಡಿ ಅವನ ಕೈಗಿ ಸಿಗ್ಬೇಕು. ಕಾಲಾಗ ಸ್ಪರ್ಶ ಕಡಿಮಿ ಇದ್ರ ಸೀಟಿನ ಮ್ಯಾಲ ಗಂಟು, ಜರಿ, ಮಡಿಕಿ ಬಿದ್ದ ಬಟ್ಟಿ ಏನೂ ಇರಬಾರ್ದು, ಅವನಿಗಿ ಗೊತ್ತೇ ಆಗದಂಗ ಗಾಯ ಆಗ್ತದ, ಸಂಜಿಗಿ ಬಟ್ಟಿ ಬಿಚ್ಚಿದ ಮ್ಯಾಲ ಒಮ್ಮೆ ಮೈ ನೋಡ್ರಿ.

ಇನ್ನೊಂದು, ಸ್ಟೇಜಿಗಿ ರ‍್ಯಾಂಪ್ ಅದನೋ ಇಲ್ಲೋ ಈಗೇ ಕೇಳ್ರಿ. ಒಂದು ಫೂಟ್ ಎತ್ತರಕ್ಕ 12 ಫೂಟ್ ಉದ್ದ ಇರ್ಬೇಕು. ಹಲಗಿ ಒಂದು ಓರಿ ಇಟ್ಟು ನಾಲ್ಕು ಮಂದಿ ಎತ್ತೋದು ಬ್ಯಾಡವೇ ಬ್ಯಾಡ. ಅದರಕಿಂತ ಎಲ್ಲಾ ಮಕ್ಕಳದೂ ಕೆಳಗ ಅಂಗಳದಾಗೇ ಮಾಡ್ಲಿ.

ಬೀದರ್‌ಹುಡುಗಿ
ಬಣ್ಣ ನಾ ಹೇಳ್ತೀನಿ! ಇಡೀ ತೋಪು ಕರಿ ಹಾಳಿಲೆ ಸುತ್ರಿ. 31ಕ್ಕ ಅದರ ಮ್ಯಾಲ ಬಿಳಿ ಎಲುಬು, ಬಾಯಾಗ ಬ್ಯಾಟರಿ ಲೈಟ್, ಭೂತದ ತೋಪು ಆಯ್ತು. ರಾತ್ರಿ ಎಲುಬು ಕಿತ್ತು ಬೆಳ್ಳಿ ಹಾಳ್ಯಾಗ ಹೂ ಬಳ್ಳಿ ಕತ್ತರಿಸಿ ಅಂಟಿಸ್ರಿ, 1ಕ್ಕ ಬಿದರಿ ಕೆಲಸದ ತೋಪು. ಖರೇ ಬಿದರಿನೂ ಹಂಗೇ ಅಲ್ರಿ, ಸತುವಿನ ಮ್ಯಾಲ ಬೆಳ್ಳಿ ಕೂಡಿಸಿ, ನಮ್ಮ ಬೀದರ್ ಕ್ವಾಟಿ ಮಣ್ಣು ಹಾಕಿ ಕಪ್ಪು ಮಾಡ್ತಾರ, ಬೆಳ್ಳಿ ಮಾತ್ರ ಹೊಳೀತದ. ಕುರ್ಚಿಗಿ ನೇರ ಅಂಟಿಸಬ್ಯಾಡ್ರಿ, ಮೊದಲು ಮಾಸ್ಕಿಂಗ್ ಟೇಪ್ ಹಚ್ರಿ.

ಶಹಾಪುರ_ಅಪ್ಪ
ಎಲ್ಲಾ ಚಲೋ ಅದ, ಆದ್ರ ಹುಡುಗನಿಗಿ ಕೇಳ್ರಿ ಮೊದಲು. ನನ್ನ ಮಗಳೂ ವ್ಹೀಲ್‌ಚೇರ್‌ನ್ಯಾಗೇ ಇರ್ತಾಳ, ಕುರ್ಚಿಗಿ ಏನೂ ಹಚ್ಚಬ್ಯಾಡ, ನನಗ ಬರೇ ಮಾಟಗಾತಿ ಟೋಪಿ ಸಾಕು ಅಂದ್ಳು. ಅಷ್ಟೇ ಮಾಡಿದ್ವಿ, ಖುಷಿಯಿಂದ ಆಡಿದ್ಳು.

ಸೇಡಂರೋಡ್‌ಅವ್ವ
ಅಣ್ಣಾರ, ಕೇಳಿದೆ. ತೋಪು ಅಂದ ಕೂಡ್ಲೇ ಧಡಾಂ ಅಂತ ಮನಿ ತುಂಬಾ ಒದರಲತ್ತಾನ, ಎಲುಬು ತಾನೇ ಕತ್ತರಸ್ತಾನಂತ. ಸ್ಟೇಜಿಗಿ ರ‍್ಯಾಂಪ್ ಇಲ್ಲ, ಮೂರು ಮೆಟ್ಲ ಅವ. ನಾಳೆ ಹೆಡ್‌ಮಿಸ್‌ಗೆ ಭೇಟಿಯಾಗಿ ಅಂಗಳದಾಗೇ ಮಾಡ್ರಿ ಅಂತ ಬರದು ಕೊಡ್ತೀನಿ. ಫಿಸಿಯೋ ಸರ್, ಆ 12 ಫೂಟಿನ ಲೆಕ್ಕ ಅದರಾಗೇ ಹಾಕಲೇನ್ರಿ?