ತೊಗರಿಯ ಎರಡನೆಯ ಹಂಗಾಮು ಇನ್ನೂ ಹೊಲದಲ್ಲಿದೆ: ಸಮ್ಮೇಳನಕ್ಕೆ ಸಾರಾಂಶ ಕಳುಹಿಸಬಹುದೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗದ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಸಸ್ಯರೋಗ ವಿಜ್ಞಾನದ ಸಮ್ಮೇಳನವೊಂದಕ್ಕೆ ಸಾರಾಂಶ ಕಳುಹಿಸಲು ಅಕ್ಟೋಬರ್ ಕೊನೆಯವರೆಗೆ ಅವಕಾಶವಿದ್ದು, ಅದು 300 ಪದಗಳನ್ನು ಮೀರುವಂತಿಲ್ಲ. ನನ್ನ ಕೆಲಸದಲ್ಲಿ ಮೂರು ಭಾಗಗಳಿವೆ: ಆಳಂದ, ಚಿತ್ತಾಪುರ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಹೊಲಗಳಲ್ಲಿ ನಡೆಸಿದ ರೋಗ ಸಮೀಕ್ಷೆ, ಅಲ್ಲಿಯ ಮಣ್ಣಿನಿಂದ ಬೇರ್ಪಡಿಸಿದ, ರೋಗಕಾರಕವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರಗಳ ಪ್ರಯೋಗಾಲಯ ಪರೀಕ್ಷೆ, ಮತ್ತು ಅವುಗಳಿಂದ ಬೀಜೋಪಚಾರ ಮಾಡಿ ಬಿತ್ತಿದ ಕ್ಷೇತ್ರ ಪ್ರಯೋಗ. ಕ್ಷೇತ್ರ ಪ್ರಯೋಗದ ಮೊದಲ ಹಂಗಾಮು ಮುಗಿದಿದೆ. ಎರಡನೆಯ ಹಂಗಾಮಿನ ಬೆಳೆ ಹೊಲದಲ್ಲಿಯೇ ಇದೆ. ನೆಟೆ ರೋಗ ಹೂವಾಡುವ ಮತ್ತು ಕಾಯಿ ಕಟ್ಟುವ ಹಂತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಡಿಸೆಂಬರ್‌ಗೆ ಮುಂಚೆ ಅಂತಿಮ ಎಣಿಕೆ ಸಿಗುವುದಿಲ್ಲ. ‘ವಿವರವಾದ ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಬರೆದು ಕಳುಹಿಸಬಹುದೇ? ಮೂರೂ ಭಾಗಗಳನ್ನು ಸೇರಿಸಬೇಕೇ?

ಉತ್ತರ 1: ಅಧ್ಯಾಪಕ, ಯಾದಗಿರಿ ಜಿಲ್ಲೆ

ಆ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಪರಿಶೀಲಕರ ಕೈಯಲ್ಲಿರುವುದು ನಿಮ್ಮ 300 ಪದಗಳು ಮಾತ್ರ. ಫಲಿತಾಂಶವೇ ಇಲ್ಲದ ಸಾರಾಂಶಕ್ಕೆ ಅವರು ಯಾವ ಆಧಾರದ ಮೇಲೆ ಅಂಕ ಕೊಡಬೇಕು? ಮೂರು ಭಾಗಗಳನ್ನೂ ತುಂಬಿಸಿದರೆ ಪ್ರತಿಯೊಂದಕ್ಕೂ ನೂರು ಪದ ಸಿಗುತ್ತದೆ, ಯಾವುದೂ ಪೂರ್ತಿ ಅರ್ಥವಾಗುವುದಿಲ್ಲ. ಒಂದನ್ನೇ ಆರಿಸಿಕೊಳ್ಳಿ.

ಹಿನ್ನೆಲೆಗೆ ಎರಡು ವಾಕ್ಯ ಸಾಕು. ಈ ರೋಗಕ್ಕೆ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಕಾರಣವೆಂಬುದು, ಅದು ಬೆಳೆಯ ಉಳಿಕೆಯ ಆಸರೆಯಲ್ಲಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆಂಬುದು ಆ ಸಭೆಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ವಿಷಯ. ಕ್ಷೇತ್ರ ಪ್ರಯೋಗವನ್ನೇ ಬರೆಯುವುದಾದರೆ ಪ್ರಯೋಗದ ವಿನ್ಯಾಸ, ಪುನರಾವರ್ತನೆಗಳ ಸಂಖ್ಯೆ, ಬಿತ್ತಿದ ತಳಿ ಮತ್ತು ಉಪಚಾರವಿಲ್ಲದ ತಾಕು, ಇಷ್ಟನ್ನು ಹೇಳಲೇಬೇಕು. ಟಿಎಸ್-3ಆರ್ ಬಿತ್ತಿದ್ದರೆ ಅದು ನೆಟೆ ರೋಗ ನಿರೋಧಕ ತಳಿಯೆಂದು ನಮೂದಿಸಿ. ಹೊರಗಿನ ಓದುಗನಿಗೆ ಅದು ಬರಿಯ ಸಂಕೇತದಂತೆ ಕಾಣುತ್ತದೆ. ಅದೇ ರೀತಿ ‘ಕಲಬುರಗಿ ಭಾಗ’ ಎಂದಷ್ಟೇ ಬರೆಯದೆ ‘ಮಳೆಯಾಶ್ರಿತ ಕಪ್ಪು ಮಣ್ಣು’ ಎಂದೂ ಸೇರಿಸಿದರೆ, ಅಂಥದೇ ಮಣ್ಣಿನಲ್ಲಿ ಕೆಲಸ ಮಾಡುವ ಮಹಾರಾಷ್ಟ್ರದ ಅಥವಾ ತೆಲಂಗಾಣದ ಸಂಶೋಧಕರು ನಿಮ್ಮ ಕೆಲಸವನ್ನು ತಮ್ಮದರೊಂದಿಗೆ ಹೋಲಿಸಿ ನೋಡಬಲ್ಲರು. ಉಳಿದ ಜಾಗವೆಲ್ಲ ಫಲಿತಾಂಶಕ್ಕೆ. ‘ರೋಗ ಗಣನೀಯವಾಗಿ ಕಡಿಮೆಯಾಯಿತು’ ಎಂಬುದು ಫಲಿತಾಂಶವಲ್ಲ. ಉಪಚರಿಸಿದ ತಾಕಿನಲ್ಲಿ ಶೇಕಡಾ ಎಷ್ಟು ಗಿಡ ಸತ್ತವು, ಉಪಚರಿಸದ ತಾಕಿನಲ್ಲಿ ಎಷ್ಟು, ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ನಿಲ್ಲುತ್ತದೆಯೇ ಎಂಬುದು ಫಲಿತಾಂಶ.

ಉತ್ತರ 2: ಸಂಖ್ಯಾಶಾಸ್ತ್ರ ಬೋಧಿಸುವವರು, ಬೀದರ್

ಒಂದನ್ನೇ ಆರಿಸಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ಆ ಒಂದು ಕ್ಷೇತ್ರ ಪ್ರಯೋಗವಾಗದಿರಲಿ. ಮಳೆ ಬಿದ್ದ ರೀತಿಯ ಮೇಲೆ ಈ ರೋಗದ ತೀವ್ರತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಒಂದೇ ಹಂಗಾಮಿನ ಅಂಕಿಗಳಿಂದ ಬೀಜೋಪಚಾರವನ್ನು ಶಿಫಾರಸು ಮಾಡಿ, ಡಿಸೆಂಬರ್ ಎಣಿಕೆ ಬೇರೆಯದನ್ನು ಹೇಳಿದರೆ, ಅಷ್ಟರಲ್ಲಿ ಮುದ್ರಣವಾದ ಸಾರಾಂಶ ಸಂಪುಟವನ್ನು ಹಿಂದಕ್ಕೆ ತರಲಾಗದು. ಅದನ್ನೇ ಕಳುಹಿಸಲೇಬೇಕಾದಲ್ಲಿ ಒಂದು ಹಂಗಾಮಿನ ಪ್ರಯೋಗವೆಂಬುದು ಶೀರ್ಷಿಕೆಯಲ್ಲಿಯೇ ಇರಲಿ.

ಸಮೀಕ್ಷೆ ಪೂರ್ಣಗೊಂಡಿದೆಯಲ್ಲವೇ? ಹೊಲಗಳನ್ನು ಹೇಗೆ ಆರಿಸಿದಿರಿ, ರಸ್ತೆ ಬದಿಯವನ್ನೇ ನೋಡಿದಿರೋ ಅಥವಾ ಊರಿನ ಪಟ್ಟಿಯಿಂದ ಯಾದೃಚ್ಛಿಕವಾಗಿ ಆಯ್ದುಕೊಂಡಿರೋ? ಪ್ರತಿ ಹೊಲದಲ್ಲಿ ಹಿಂದಿನ ವರ್ಷದ ಬೆಳೆ ಯಾವುದೆಂದು ರೈತರನ್ನು ಕೇಳಿ ಬರೆದುಕೊಂಡಿದ್ದೀರಾ?

ಪ್ರಶ್ನೆ ಕೇಳಿದವರು

ಊರಿನ ಪಟ್ಟಿಯಿಂದಲೇ ಆಯ್ದುಕೊಂಡೆವು ಸರ್. ಹಿಂದಿನ ಬೆಳೆಯನ್ನೂ ದಾಖಲಿಸಿದ್ದೇವೆ. ತೊಗರಿಯ ಮೇಲೆ ತೊಗರಿ ಬಿತ್ತಿದ ಹೊಲಗಳಿಗಿಂತ ಜೋಳದ ನಂತರ ತೊಗರಿ ಬಿತ್ತಿದ ಹೊಲಗಳಲ್ಲಿ ರೋಗ ಕಡಿಮೆ ಇತ್ತು. ಇದು ಹೊಸದೇನಲ್ಲವೆಂದು ಬಿಟ್ಟಿದ್ದೆ.

ಉತ್ತರ 2ರವರು ಮತ್ತೆ

ಅದನ್ನು ಬಿಡಬೇಡಿ. ಜೋಳದೊಂದಿಗೆ ಬೆಳೆ ಪರಿವರ್ತನೆ ಮಾಡಿದರೆ ನೆಟೆ ರೋಗ ಇಳಿಯುತ್ತದೆಂದು ಪ್ರಯೋಗದ ತಾಕುಗಳಲ್ಲಿ ಹಿಂದೆಯೇ ಕಂಡುಕೊಂಡಿದ್ದಾರೆ, ನಿಜ. ನಿಮ್ಮ ಅಂಕಿಗಳು ಬಂದಿರುವುದು ರೈತರು ತಮ್ಮ ಪದ್ಧತಿಯಂತೆ ಸಾಗುವಳಿ ಮಾಡುವ ಹೊಲಗಳಿಂದ, ಅದೇ ಇದರ ಬೆಲೆ. ಆದರೆ ‘ಜೋಳದಿಂದ ರೋಗ ಇಳಿಯಿತು’ ಎನ್ನದೆ ‘ಜೋಳದ ನಂತರದ ಹೊಲಗಳಲ್ಲಿ ರೋಗ ಕಡಿಮೆ ಕಂಡುಬಂತು’ ಎಂದು ಬರೆಯಿರಿ. ಜೋಳ ಬಿತ್ತುವ ರೈತರ ತಳಿಯೋ ಗೊಬ್ಬರವೋ ಬೇರೆಯಾಗಿದ್ದಿರಬಹುದು, ಸಮೀಕ್ಷೆಯೊಂದರಿಂದ ಅದನ್ನು ಬೇರ್ಪಡಿಸಲಾಗದು.

ಉತ್ತರ 3: ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಅಕ್ಕಾವರೆ, ಸಲ್ಲಿಸುವ ಕ್ರಮದ ಬಗ್ಗೆ ಒಂದೆರಡು ಮಾತು. ಲೇಖಕರ ಗುರುತು ಮರೆಮಾಡಿ ಪರಿಶೀಲಿಸುವ ಸಮ್ಮೇಳನವಾದರೆ ಸಾರಾಂಶದ ಒಳಗೆ ವಿಭಾಗದ ಅಥವಾ ಕಾಲೇಜಿನ ಹೆಸರು ಇರಬಾರದು. ಕೊನೆಯ ಕರಡನ್ನು ಎಲ್ಲ ಸಹಲೇಖಕರಿಗೂ ಕಳುಹಿಸಿ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆಯಿರಿ. ಹೆಸರುಗಳ ಕ್ರಮವೂ ಆಗಲೇ ತೀರ್ಮಾನವಾಗಲಿ. ಪೋರ್ಟಲ್‌ಗೆ ಅಂಟಿಸಿದಾಗ ಶಿಲೀಂಧ್ರದ ಹೆಸರಿನ ಓರೆ ಅಕ್ಷರಗಳೂ ಶೇಕಡಾ ಚಿಹ್ನೆಗಳೂ ಕೆಲವೊಮ್ಮೆ ಅಳಿಸಿಹೋಗುತ್ತವೆ, ಆದ್ದರಿಂದ ಮುನ್ನೋಟ ತೆರೆದು ಓದದೆ ಸಲ್ಲಿಸಬೇಡಿ. ಟ್ರೈಕೋಡರ್ಮಾದಿಂದ ಮುಂದೆ ಪೇಟೆಂಟ್ ಪಡೆಯುವ ಆಲೋಚನೆಯೇನಾದರೂ ಮಾರ್ಗದರ್ಶಕರಿಗಿದ್ದರೆ, ಅರ್ಜಿ ಹಾಕುವ ಮುಂಚೆ ಅದರ ವಿವರ ಯಾವ ಸಾರಾಂಶದಲ್ಲಿಯೂ ಪ್ರಕಟವಾಗದಂತೆ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸಮೀಕ್ಷೆಯನ್ನೇ ಬರೆಯುತ್ತೇನೆ. ಮೌಖಿಕ ಮಂಡನೆಯನ್ನು ಕೇಳಬೇಕೇ, ಪೋಸ್ಟರನ್ನೇ?

ಉತ್ತರ 1ರವರು ಮತ್ತೆ

ಪೋಸ್ಟರ್ ಕೇಳಿ. ನಾಲ್ಕು ತಾಲ್ಲೂಕುಗಳ ನಕ್ಷೆಯಲ್ಲಿ ಹೊಲಗಳನ್ನು ಹಿಂದಿನ ಬೆಳೆಗೆ ತಕ್ಕಂತೆ ಬಣ್ಣದಲ್ಲಿ ಗುರುತಿಸಿದರೆ ನೋಡುವವರು ನಿಂತು ಪ್ರಶ್ನೆ ಕೇಳುತ್ತಾರೆ, ಮತ್ತು ಅವರಲ್ಲಿ ಯಾರಾದರೊಬ್ಬರು ಮುಂದೆ ನಿಮ್ಮ ಪ್ರಬಂಧದ ಪರೀಕ್ಷಕರೂ ಆಗಬಹುದು.