ಸಹಾಯ ಬೇಕು: ನನ್ನ ಪ್ರವಾಸದ ರೀತಿಯನ್ನು ಹಳಿಯುವ ಗೆಳತಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ಪ್ರವಾಸ ಹೋದರೆ ನಾನು ಒಂದೇ ಊರಿನಲ್ಲಿ ನಾಲ್ಕೈದು ದಿನ ತಂಗುವವಳು. ಬೀದಿಗಳಲ್ಲಿ ಸುಮ್ಮನೆ ನಡೆಯುತ್ತೇನೆ, ದಣಿದರೆ ಎಲ್ಲಾದರೂ ಕುಳಿತು ಜನರನ್ನು ನೋಡುತ್ತೇನೆ. ಮರುದಿನ ಅದೇ ಬೀದಿಗೆ ಹೋದಾಗ ಮೊದಲು ಕಣ್ಣಿಗೆ ಬೀಳದಿದ್ದುದು ಕಾಣುತ್ತದೆ. ನನಗೆ ಪ್ರವಾಸವೆಂದರೆ ಅದೇ.

ನನ್ನ ಆಪ್ತ ಗೆಳತಿಗೆ ಪಟ್ಟಿ ಹಿಡಿದು ದಿನಕ್ಕೆ ಆರೇಳು ಸ್ಥಳ ನೋಡಿದರೇ ತೃಪ್ತಿ. ಅದು ತಪ್ಪೆಂದು ನಾನು ಎಂದೂ ಭಾವಿಸಿಲ್ಲ. ರಜೆ ಸಿಗುವುದೇ ಅಪರೂಪವಾದವರಿಗೆ ಆ ಆತುರ ಸಹಜ. ಆದರೆ ಅವಳು ಎಲ್ಲರೆದುರು, "ಅಷ್ಟು ದೂರ ಹೋಗಿ ಸುಮ್ಮನೆ ಕುಳಿತು ಬಂದೆಯಾ? ದುಡ್ಡು ದಂಡ" ಎನ್ನುತ್ತಾಳೆ.

ಕಾರಣ ವಿವರಿಸಿದೆ, ಸೋಮಾರಿತನಕ್ಕೆ ನೆಪ ಎಂದಳು. ಕಳೆದ ಸಲ ಹಗಲು ಬೇರೆ ಬೇರೆ, ಸಂಜೆ ಜೊತೆಗೆ ಎಂದು ಒಪ್ಪಿಕೊಂಡೆವು. ಸಂಜೆಯಾಗುತ್ತಲೇ ನಾನು ನೋಡದೆ ಬಿಟ್ಟ ಸ್ಥಳಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಮಾತಾಡದೆ ಇದ್ದೂ ನೋಡಿದೆ, ಮನಸ್ಸು ಕಹಿಯಾಯಿತು ಅಷ್ಟೆ.

ಮುಂದಿನ ತಿಂಗಳು ಮತ್ತೆ ಕರೆಯುತ್ತಿದ್ದಾಳೆ. ನನಗೆ ಅವಳ ಸ್ನೇಹ ಬೇಕು, ಹೋಗಲೂ ಆಸೆಯಿದೆ. ಇಂಥ ಜೊತೆಗಾರರೊಂದಿಗೆ ಪ್ರಯಾಣಿಸಿದವರು ದಯವಿಟ್ಟು ತಿಳಿಸಿ: ಅವಳಿಗೆ ನೋವಾಗದಂತೆ, ಆದರೆ ಈ ಟೀಕೆ ನಿಲ್ಲುವಂತೆ, ಹೊರಡುವ ಮೊದಲೇ ಯಾವ ಮಾತಿನಲ್ಲಿ ಹೇಳಲಿ?